ಸಿ ಡ್ರೈವ್ ತುಂಬಿದೆ: ಡೆಸ್ಕ್‌ಟಾಪ್, ಪ್ರೋಗ್ರಾಂ ಎಲ್ಲಾ ಡಿಗೆ ಸಾಗಿಸಬಹುದಾ?

ಕಾರ್ಡ್ ಬ್ಯಾನರ್ ಕಲಬುರಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಬಿಲ್ ಬುಕ್ಕು, ಬ್ಯಾನರ್ ಡಿಸೈನು. ಎಂಟಡಿ ಅಗಲದ ಅಂಗಡಿಯಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ನಾನು, ನನ್ನ ಅಕ್ಕನ ಮಗ.

ಮೊನ್ನೆ ಸೋಮವಾರ ಅಫಜಲಪುರದ ಮದುವೆ ಪಾರ್ಟಿ ಎದುರಿಗೇ ಕೂತಿತ್ತು. ಹುಡುಗಿಯ ತಂದೆ, ಚಿಕ್ಕಪ್ಪ, ಜೊತೆಗೆ ಹೆಸರುಗಳ ಪಟ್ಟಿ ಹಿಡಿದುಕೊಂಡ ಒಬ್ಬರು ಹಿರಿಯರು. ಸ್ವಾಗತದ ಬ್ಯಾನರ್ ಮುಗಿಸಿ ಸೇವ್ ಒತ್ತಿದೆ. ಸ್ಕ್ರ್ಯಾಚ್ ಡಿಸ್ಕ್ ತುಂಬಿದೆ, ಆಗುವುದಿಲ್ಲ ಅಂತ ಫೋಟೋಶಾಪ್ ಹೇಳಿತು. ಇನ್ನೊಮ್ಮೆ ಒತ್ತಿದೆ, ಅದೇ ಮಾತು. ಹುಡುಗ ಬಗ್ಗಿ ನೋಡಿ, "ಮಾಮಾ, ಸಿ ಕೆಂಪಾಗ್ಯದ ನೋಡ್ರಿ" ಅಂದ. 100 ಜಿಬಿಯಲ್ಲಿ 1.8 ಜಿಬಿ ಉಳಿದಿತ್ತು. ಪಾರ್ಟಿಗೆ ಚಹಾ ತರಿಸಿ, ಅವರ ಎದುರಿಗೇ ಡೌನ್‌ಲೋಡ್ಸ್ ಒಳಗಿದ್ದ ಯಾರ್ಯಾರದೋ ಫೋಟೋ ಅಳಿಸಿ ಆ ಹೊತ್ತಿಗೆ ಪಾರಾದೆ. ಏನೇನು ಅಳಿಸಿದೆನೋ ಈಗ ನೆನಪಿಲ್ಲ. ಯಾರಾದರೂ ಬಂದು ಕೇಳಿದಾಗ ಗೊತ್ತಾಗುತ್ತದೆ.

ಕಂಪ್ಯೂಟರ್ 2017ರದ್ದು. ಐ3, 8 ಜಿಬಿ ರ‍್ಯಾಮ್, ವಿಂಡೋಸ್ 10, 1 ಟಿಬಿ ಹಾರ್ಡ್ ಡಿಸ್ಕ್. ಕೊಟ್ಟವರು ಆಗಲೇ ಮೂರು ಪಾರ್ಟಿಷನ್ ಮಾಡಿ ಕೊಟ್ಟಿದ್ದರು. ಸಿ 100, ಡಿ 400, ಇ 431. ಡಿಯಲ್ಲಿ ಇರುವುದು 'ಗುಲ್ಬರ್ಗಾ ಹಳೇದು' ಅನ್ನುವ ಒಂದೇ ಫೋಲ್ಡರ್, ಅದಕ್ಕೂ ಹಿಂದಿನ ಕಂಪ್ಯೂಟರಿನಿಂದ ತಂದದ್ದು. 2014ರ ನವೆಂಬರಿನಲ್ಲಿ ಊರಿನ ಹೆಸರು ಕಲಬುರಗಿ ಅಂತ ಆದಾಗ ಲೆಟರ್‌ಹೆಡ್ಡು, ರಸೀದಿ ಪುಸ್ತಕ ಎಲ್ಲ ಹೊಸದಾಗಿ ಮಾಡಿದೆವು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತಲ್ಲ, ಆಗ ಇನ್ನೊಂದು ಸುತ್ತು. ಆ ಹಳೆ ಫೈಲು ಈಗಲೂ ಒಬ್ಬಿಬ್ಬರು ಕೇಳಿಕೊಂಡು ಬರುತ್ತಾರೆ, ಅದಕ್ಕೇ ಇಟ್ಟುಕೊಂಡಿದ್ದೇನೆ. ಇ ಪೂರ್ತಿ ಖಾಲಿ.

ನಮ್ಮ ಕೆಲಸವೆಲ್ಲ ಡೆಸ್ಕ್‌ಟಾಪಿನ ಮೇಲೆ. ಗಿರಾಕಿ ಬಂದ ತಕ್ಷಣ ಅಲ್ಲೇ ಒಂದು ಫೋಲ್ಡರ್ ಹುಟ್ಟುತ್ತದೆ. 'ಜೇವರ್ಗಿ ಮದುವೆ', 'ಜೇವರ್ಗಿ ಮದುವೆ ಫೈನಲ್', 'ಫೈನಲ್ ಒರಿಜಿನಲ್', 'ಫೈನಲ್ ಒರಿಜಿನಲ್ ಇದೇ'. ಹಿಂದಿನ ಚಿತ್ರ ಕಾಣದಷ್ಟು ತುಂಬಿದೆ.

ನನಗೆ ಬೇಕಾಗಿರುವುದು ಇಷ್ಟು. ಡೆಸ್ಕ್‌ಟಾಪು, ಡೌನ್‌ಲೋಡ್ಸು, ಡಾಕ್ಯುಮೆಂಟ್ಸು ಎಲ್ಲ ಡಿಗೆ ಹೋಗಬೇಕು. ಪೇಜ್‌ಮೇಕರ್, ಕೋರೆಲ್‌ಡ್ರಾ, ಫೋಟೋಶಾಪ್, ಕನ್ನಡ ಟೈಪಿಗೆ ನುಡಿ, ಉರ್ದು ಕಾರ್ಡಿಗೆ ಇನ್‌ಪೇಜ್, ಇವೂ ಡಿಗೆ ಹೋಗಬೇಕು. ಆಮೇಲೆ ವಿಂಡೋಸ್ ಕೆಟ್ಟರೆ ಸಿ ಒಂದನ್ನೇ ಫಾರ್ಮ್ಯಾಟ್ ಹೊಡೆದು, ಮರುದಿನ ಬೆಳಿಗ್ಗೆ ಅಂಗಡಿ ತೆರೆದು ಕೆಲಸಕ್ಕೆ ಕೂರಬೇಕು. ಇದು ಆಗುತ್ತದಾ? ಹಿಂದಿನ ಕಂಪ್ಯೂಟರಿನಲ್ಲಿ ನಮ್ಮ ಹುಡುಗ ಪ್ರೋಗ್ರಾಂ ಫೈಲ್ಸ್ ಒಳಗಿಂದ ಕೋರೆಲ್ ಫೋಲ್ಡರನ್ನು ಕಟ್ ಮಾಡಿ ಡಿಗೆ ಪೇಸ್ಟ್ ಮಾಡಿದ್ದ. ಅವತ್ತಿಂದ ಅದು ತೆರೆಯಲೇ ಇಲ್ಲ. ಹಾಗಾಗಿ ಈ ಸಲ ಕೇಳಿಯೇ ಮಾಡೋಣ ಅಂತ.

ರಾತ್ರಿ ಪಾಳಿ

ಇದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ಇ ಖಾಲಿ ಇದೆ ಅಲ್ವಾ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಇ ಅಳಿಸಿ, ಆ ಜಾಗವನ್ನು ಸಿಗೆ ಸೇರಿಸಿ. ಐದು ನಿಮಿಷದ ಕೆಲಸ.

ಬೀದರ್ ಸ್ಕ್ರೂಡ್ರೈವರ್

ಮೇಲಿನ ಐದು ನಿಮಿಷದ ಕೆಲಸ ಆಗುವುದಿಲ್ಲ. ಇ ಅಳಿಸಿದರೆ ಆ ಜಾಗ ಡಿಯ ಆಚೆ ಬದಿಗೆ ಇರುತ್ತದೆ. ವಿಂಡೋಸಿನ ಸ್ವಂತ ಡಿಸ್ಕ್ ಮ್ಯಾನೇಜ್‌ಮೆಂಟ್ ಸಿಯನ್ನು ಬೆಳೆಸಬೇಕಾದರೆ ಖಾಲಿ ಜಾಗ ಸಿಯ ಬಲಕ್ಕೆ ಅಂಟಿಕೊಂಡೇ ಇರಬೇಕು. ನಡುವೆ ಡಿ ಕೂತಿದೆ, ಹಾಗಾಗಿ 'ಎಕ್ಸ್‌ಟೆಂಡ್' ಅನ್ನುವುದು ಮಂಕಾಗಿಯೇ ಇರುತ್ತದೆ. ಪಕ್ಕದ ಮನೆ ಬಿಟ್ಟು ಅದರಾಚೆಯ ಸೈಟು ಕೊಂಡು ನಿಮ್ಮ ಅಡುಗೆಮನೆ ದೊಡ್ಡದು ಮಾಡಲು ಹೋದ ಹಾಗೆ. ಡಿಯನ್ನೇ ಸರಿಸುವ ಬೇರೆ ಟೂಲುಗಳಿವೆ, ಬಳಸಿದ್ದೇನೆ. ಆದರೆ ಅವು ನೂರಾರು ಜಿಬಿಯನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಡುತ್ತವೆ. ನಡುವೆ ಕರೆಂಟ್ ಹೋಯಿತೋ, 'ಗುಲ್ಬರ್ಗಾ ಹಳೇದು' ಕೂಡ ಹೋಯಿತು. ಎಂಟು ವರ್ಷದ ಡಿಸ್ಕಿನ ಮೇಲೆ ನಾನಂತೂ ಮಾಡುವುದಿಲ್ಲ.

ಅಣ್ಣಾ, ನೀವು ಎರಡು ಬೇರೆ ಬೇರೆ ಮಾತು ಕೇಳಿದ್ದೀರಿ. ಫೈಲು ಸಾಗಿಸುವುದು ಸುಲಭ, ಮಾಡಿ. ಪ್ರೋಗ್ರಾಂ ಸಾಗಿಸುವುದು ಅಂತ ಒಂದು ಕೆಲಸವೇ ಇಲ್ಲ. ತೆಗೆದು ಮತ್ತೆ ಹಾಕುವುದು, ಅಷ್ಟೇ.

ಯಾಕೆ ಅಂತ ಹೇಳುತ್ತೇನೆ. ಕೋರೆಲ್ ಹಾಕಿದಾಗ ಅದು ಬರೀ ಒಂದು ಫೋಲ್ಡರಿನಲ್ಲಿ ಕೂರುವುದಿಲ್ಲ. ತಾನು ಎಲ್ಲಿದ್ದೇನೆ, ಯಾವ ಫೈಲ್ ತನ್ನದು, ಲೈಸೆನ್ಸ್ ಏನು ಅಂತ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸಿನ ಒಳಗಿನ ದಾಖಲೆ ಪುಸ್ತಕದಲ್ಲಿ, ಬರೆಸಿರುತ್ತದೆ. ಕೆಲವು ಡಿಎಲ್‌ಎಲ್ ಫೈಲು (ಪ್ರೋಗ್ರಾಂ ಓಡಲು ಬೇಕಾದ ಬಿಡಿಭಾಗ) ವಿಂಡೋಸ್ ಫೋಲ್ಡರಿಗೆ, ಸೆಟ್ಟಿಂಗು ಯೂಸರ್ಸ್ ಒಳಗಿನ ಆಪ್‌ಡೇಟಾ ಫೋಲ್ಡರಿಗೆ ಹೋಗಿರುತ್ತವೆ. ನಿಮ್ಮ ಹುಡುಗ ಕಟ್ ಮಾಡಿದ್ದು ಫೋಲ್ಡರನ್ನು ಮಾತ್ರ. ರಿಜಿಸ್ಟ್ರಿಯಲ್ಲಿ ಹಳೆ ವಿಳಾಸವೇ ಉಳಿಯಿತು. ಅವನಿಗೆ ಬೈಯಬೇಡಿ, ನನ್ನ ಅಂಗಡಿಗೆ ಬರುವ ಅರ್ಧ ಜನ ಅದನ್ನೇ ಮಾಡಿಕೊಂಡು ಬರುತ್ತಾರೆ.

ಪ್ರೋಗ್ರಾಂ ಡಿಯಲ್ಲಿ ಬೇಕೇ ಬೇಕು ಅಂದರೆ ಅನ್‌ಇನ್‌ಸ್ಟಾಲ್ ಮಾಡಿ, ಮತ್ತೆ ಹಾಕುವಾಗ 'ಕಸ್ಟಮ್' ಆರಿಸಿ ಡಿಯ ದಾರಿ ಕೊಡಿ. ಲೈಸೆನ್ಸ್ ಇರುವ ಪ್ರೋಗ್ರಾಂ ಆದರೆ ಮೊದಲು ಅದರೊಳಗಿಂದ ಸೈನ್ ಔಟ್ ಮಾಡಿ, ಸೀರಿಯಲ್ ನಂಬರ್ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ಇದರಿಂದ ಸಿಯಲ್ಲಿ ಜಾಗ ಸಿಗುತ್ತದೆ. ಆದರೆ ನಿಮ್ಮ ಮರುದಿನ ಬೆಳಿಗ್ಗೆಯ ಆಸೆ ಈಡೇರುವುದಿಲ್ಲ. ಸಿ ಫಾರ್ಮ್ಯಾಟ್ ಆದರೆ ರಿಜಿಸ್ಟ್ರಿಯೂ ಹೋಗುತ್ತದೆ. ಡಿಯಲ್ಲಿ ಕೋರೆಲ್ ಫೋಲ್ಡರ್ ಇದ್ದರೂ ಹೊಸ ವಿಂಡೋಸಿಗೆ ಅದು ಯಾರೋ ಏನೋ. ಮತ್ತೆ ಹಾಕಲೇಬೇಕು. ನುಡಿಯೂ ಅಷ್ಟೆ, ಅದರ ಫಾಂಟುಗಳು ಕೂರುವುದು ವಿಂಡೋಸಿನ ಫಾಂಟ್ಸ್ ಫೋಲ್ಡರಿನಲ್ಲಿ, ಅಂದರೆ ಸಿಯಲ್ಲಿ. ಹಳೆ ಕಾರ್ಡುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ನುಡಿ ಫಾಂಟಿನಲ್ಲಿ ಇರುತ್ತವಲ್ಲ, ಫಾಂಟ್ ಇಲ್ಲದಿದ್ದರೆ ವಧುವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ಬಳಸುವ ಫಾಂಟುಗಳನ್ನೆಲ್ಲ ಇವತ್ತೇ ಒಂದು ಫೋಲ್ಡರಿಗೆ ಕಾಪಿ ಮಾಡಿಡಿ.

ಈಗ ಫೈಲಿನ ವಿಷಯ. ಮೊದಲು ಡಿಯಲ್ಲಿ 'ನನ್ನ ಕಡತ' ಅಂತ ಒಂದು ಫೋಲ್ಡರ್ ಮಾಡಿ. ಅದರೊಳಗೆ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಅಂತ ಬೇರೆ ಬೇರೆ ಮೂರು. ಆಮೇಲೆ ದಿಸ್ ಪಿಸಿ ತೆರೆದು ಡೆಸ್ಕ್‌ಟಾಪ್ ಮೇಲೆ ಬಲಗಡೆಯ ಬಟನ್ ಒತ್ತಿ, ಪ್ರಾಪರ್ಟೀಸ್, ಅದರಲ್ಲಿ 'ಲೊಕೇಶನ್' ಅನ್ನುವ ಟ್ಯಾಬ್, ಅದರಲ್ಲಿ 'ಮೂವ್'. ಹೊಸ ಡೆಸ್ಕ್‌ಟಾಪ್ ಫೋಲ್ಡರ್ ತೋರಿಸಿ, ಅಪ್ಲೈ. ಹಳೆ ಫೈಲುಗಳನ್ನೂ ಸಾಗಿಸಲಾ ಅಂತ ಕೇಳುತ್ತದೆ, ಯೆಸ್ ಅನ್ನಿ. ಇನ್ನೆರಡಕ್ಕೂ ಹೀಗೇ.

ಇಲ್ಲಿ ಒಂದೇ ಒಂದು ಕಡೆ ಕೈ ನಡುಗಬೇಕು. 'ಮೂವ್' ಒತ್ತಿ ಫೋಲ್ಡರ್ ಆರಿಸದೆ ಬರೀ ಡಿ ಡ್ರೈವನ್ನೇ ಆರಿಸಬೇಡಿ. ಹಾಗೆ ಮಾಡಿದರೆ ಇಡೀ ಡಿ ಡ್ರೈವೇ ಡೆಸ್ಕ್‌ಟಾಪ್ ಆಗುತ್ತದೆ, ಡಿಯಲ್ಲಿರುವುದೆಲ್ಲ ಪರದೆಯ ಮೇಲೆ ಬಂದು ಕೂರುತ್ತದೆ, ವಾಪಸ್ ತರುವುದು ದೊಡ್ಡ ತಲೆನೋವು. ಡೌನ್‌ಲೋಡ್ಸ್ ಮತ್ತು ಡೆಸ್ಕ್‌ಟಾಪ್ ಎರಡಕ್ಕೂ ಒಂದೇ ಫೋಲ್ಡರ್ ತೋರಿಸುವುದೂ ಬೇಡ. ಒಮ್ಮೆ ಸೇರಿದರೆ ಬಿಡಿಸಲು ಬರುವುದಿಲ್ಲ. ಒನ್‌ಡ್ರೈವ್ ಬ್ಯಾಕಪ್ ಆನ್ ಇದ್ದರೆ ಡೆಸ್ಕ್‌ಟಾಪ್ ಈಗಾಗಲೇ ಅದರ ಫೋಲ್ಡರಿನೊಳಗೆ ಇರುತ್ತದೆ. ಮೊದಲು ಅದರ ಸೆಟ್ಟಿಂಗಿನಲ್ಲಿ ಬ್ಯಾಕಪ್ ನಿಲ್ಲಿಸಿ, ಆಮೇಲೆ ಈ ಕೆಲಸ.

ಯೂಸರ್ಸ್ ಫೋಲ್ಡರನ್ನು ಇಡಿಯಾಗಿ ಡಿಗೆ ಕಟ್ಟುವ ವಿಡಿಯೋಗಳು ಸಿಗುತ್ತವೆ. ಬೇಡ. ಹಾಗೆ ಮಾಡಿದರೆ ಮುಂದೆ ವಿಂಡೋಸ್ ಅಪ್‌ಗ್ರೇಡ್ ಆಗುವುದಿಲ್ಲ ಅಂತ ಮೈಕ್ರೋಸಾಫ್ಟಿನ ಕೈಪಿಡಿಯಲ್ಲೇ ಇದೆ. ಆಪ್‌ಡೇಟಾ ಸಿಯಲ್ಲೇ ಇರಲಿ.

ಫೋಟೋಶಾಪಿನ ಜಗಳ ಬೇರೆಯೇ. 20 ಅಡಿ, 10 ಅಡಿ ಬ್ಯಾನರನ್ನು 72 ಡಿಪಿಐನಲ್ಲಿ (ಇಂಚಿಗೆ 72 ಚುಕ್ಕಿ) ಮಾಡಿದರೂ 17,280ಕ್ಕೆ 8,640 ಪಿಕ್ಸೆಲ್. ಸಿಎಂವೈಕೆ, ಅಂದರೆ ಪ್ರಿಂಟಿನ ನಾಲ್ಕು ಬಣ್ಣದ ಲೆಕ್ಕ, ಪಿಕ್ಸೆಲ್ಲಿಗೆ 4 ಬೈಟ್. ಒಂದು ಪೂರ್ತಿ ಲೇಯರಿಗೇ ಹತ್ತಿರಹತ್ತಿರ 600 ಎಂಬಿ. ದೇವರು, ಮುಖಂಡರು, ಕೆಳಗೆ ಸಾಲಾಗಿ ಹದಿನಾರು ಅಭಿಮಾನಿಗಳು ಅಂತ ಲೇಯರ್ ಏರಿಸುತ್ತಾ ಹೋದರೆ 8 ಜಿಬಿ ರ‍್ಯಾಮಿಗೆ ಎಲ್ಲಿ ಸಾಕು? ಉಳಿದದ್ದನ್ನು ಅದು ಡಿಸ್ಕಿನ ಮೇಲೆ ಚೆಲ್ಲುತ್ತದೆ, ಮಾಮೂಲಾಗಿ ಸಿಯ ಮೇಲೆ. ಪ್ರಿಫರೆನ್ಸಸ್‌ನಲ್ಲಿ ಆ ಚೆಲ್ಲುವ ಜಾಗಕ್ಕೆ ಸ್ಕ್ರ್ಯಾಚ್ ಡಿಸ್ಕ್ಸ್ ಅಂತಿದೆ. ಸಿ ತೆಗೆದು ಇ ಟಿಕ್ ಮಾಡಿ. ವೇಗ ಹೆಚ್ಚುವುದಿಲ್ಲ, ಎರಡೂ ಒಂದೇ ಡಿಸ್ಕಲ್ವಾ. ಜಾಗದ ಜಗಳ ಮಾತ್ರ ಮುಗಿಯುತ್ತದೆ.

ಇನ್ನೊಂದು. ಹೈಬರ್ನೇಟ್ (ತೆರೆದ ಕೆಲಸವನ್ನು ಡಿಸ್ಕಿನಲ್ಲಿ ಇಟ್ಟು ಕಂಪ್ಯೂಟರ್ ಆರಿಸುವುದು) ಬಳಸದಿದ್ದರೆ ಅದನ್ನು ಆಫ್ ಮಾಡಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ಪವರ್‌ಸಿಎಫ್‌ಜಿ', ಸ್ಪೇಸ್, ಸ್ಲ್ಯಾಶ್ ಎಚ್, ಸ್ಪೇಸ್, 'ಆಫ್'. ನಿಮ್ಮ ಕಂಪ್ಯೂಟರಿನಲ್ಲಿ 3 ಜಿಬಿ ಆಸುಪಾಸು ಬಿಡುಗಡೆ ಆಗುತ್ತದೆ.

ಎಲ್ಲಕ್ಕಿಂತ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ಡಿಸ್ಕಿನ ಆರೋಗ್ಯ ನೋಡಿ. ನೀಲಿ ಇದ್ದರೆ ಮುಂದುವರಿಯಿರಿ.

ಗಂಜ್ ಲೆಕ್ಕ

ನಾನು ನೆಹರೂ ಗಂಜಿನ ಒಂದು ತೊಗರಿಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಡಿಟಿಪಿ ಗೊತ್ತಿಲ್ಲ. ಆದರೆ ಸಾಗಿಸುವ ಕೆಲಸದಲ್ಲಿ ಒಮ್ಮೆ ಪೆಟ್ಟು ತಿಂದಿದ್ದೇನೆ.

ನಮ್ಮ ಟ್ಯಾಲಿ ಡೇಟಾ ಸಿಯಲ್ಲಿ ಯೂಸರ್ಸ್, ಅದರೊಳಗೆ ಪಬ್ಲಿಕ್, ಅದರೊಳಗೆ ಟ್ಯಾಲಿಪ್ರೈಮ್, ಅದರೊಳಗೆ ಡೇಟಾ, ಇಷ್ಟು ಆಳದಲ್ಲಿ ಇತ್ತು. ಅದು ಅಲ್ಲಿ ಇದೆ ಅಂತ ಗೊತ್ತಿಲ್ಲದೆ ಸಿ ಫಾರ್ಮ್ಯಾಟ್ ಮಾಡಿಸಿದವರನ್ನು ನೋಡಿದ್ದೇನೆ. 'ಡಾಕ್ಯುಮೆಂಟ್ಸ್ ಎಲ್ಲ ತೆಗೆದುಕೊಂಡೆವು' ಅನ್ನುತ್ತಾರೆ. ವರ್ಷದ ಲೆಕ್ಕ ಡಾಕ್ಯುಮೆಂಟ್ಸಿನಲ್ಲಿ ಇರಲೇ ಇಲ್ಲ. ನಿಮ್ಮಲ್ಲೂ ಹಾಗೆ ಯಾವ ಪ್ರೋಗ್ರಾಂ ಎಲ್ಲಿ ಅಡಗಿಸಿದೆ ನೋಡಿಕೊಳ್ಳಿ.

ಡಿಗೆ ಸಾಗಿಸುವ ದಿನ ನಾನು ಮಾಡಿದ ತಪ್ಪು ಕಟ್, ಪೇಸ್ಟ್. ಟ್ಯಾಲಿ ತೆರೆದೇ ಇತ್ತು ಬೇರೆ. ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರು ಗಂಟೆ. ನಮ್ಮ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಕರೆಂಟ್ ಹೋಯಿತು, ಯುಪಿಎಸ್ ಕೀ ಕೀ ಅಂತ ಎರಡು ನಿಮಿಷ ಅತ್ತು ಮಲಗಿತು. ತಿರುಗಿ ಬಂದಾಗ ಅರ್ಧ ಸಿಯಲ್ಲಿ, ಅರ್ಧ ಡಿಯಲ್ಲಿ. ಹಿಂದಿನ ಶನಿವಾರದ ಬ್ಯಾಕಪ್ ಪೆನ್‌ಡ್ರೈವಿನಲ್ಲಿ ಇದ್ದದ್ದಕ್ಕೆ ಬದುಕಿಕೊಂಡೆ. ನಡುವಿನ ನಾಲ್ಕು ದಿನದ ತೊಗರಿ ಖರೀದಿಯನ್ನು ತಕ್ಪಟ್ಟಿ (ಖರೀದಿಯ ಚೀಟಿ) ನೋಡಿ ನೋಡಿ ಮತ್ತೆ ಹೊಡೆದೆ.

ಈಗ ನನ್ನ ಪದ್ಧತಿ ಬೇರೆ. ಪ್ರೋಗ್ರಾಂ ಮುಚ್ಚು. ಕಾಪಿ ಮಾಡು, ಕಟ್ ಅಲ್ಲ. ಎರಡೂ ಫೋಲ್ಡರಿನ ಪ್ರಾಪರ್ಟೀಸ್ ಅಕ್ಕಪಕ್ಕ ತೆರೆದು ಫೈಲುಗಳ ಸಂಖ್ಯೆ, ಬೈಟುಗಳ ಸಂಖ್ಯೆ ತಾಳೆ ನೋಡು. ಹಳೆಯದರ ಹೆಸರು ಬದಲಿಸಿ ಒಂದು ವಾರ ಹಾಗೇ ಬಿಡು. ಯಾರೂ ಅಳದಿದ್ದರೆ ಆಮೇಲೆ ಅಳಿಸು. ಟ್ಯಾಲಿಯಲ್ಲಿ ಕಂಪನಿ ಆರಿಸುವ ಜಾಗದಲ್ಲಿ 'ಸ್ಪೆಸಿಫೈ ಪಾತ್' ಅಂತ ಇದೆ, ಅಲ್ಲಿ ಹೊಸ ದಾರಿ ಕೊಟ್ಟರೆ ಸಾಕು.

ಬೀದರಿನ ಅಣ್ಣ ಹೇಳಿದ 'ಮೂವ್' ಬಟನ್ ಒಳಗೊಳಗೆ ಕಟ್, ಪೇಸ್ಟೇ ಅಲ್ವಾ? ನಾನಾದರೆ ಮೊದಲು ಇಯಲ್ಲಿ ಒಂದು ಕಾಪಿ ಇಟ್ಟು, ಆಮೇಲೆ ಆ ಬಟನ್ ಮುಟ್ಟುತ್ತೇನೆ.

ಬೀದರ್ ಸ್ಕ್ರೂಡ್ರೈವರ್

ಹೌದ್ರಿ ಅಕ್ಕೋರೆ, ಖರೆ. ಮೊದಲು ಕಾಪಿ, ಆಮೇಲೆ ಮೂವ್. ನಾನು ಬರೆಯಬೇಕಿತ್ತು.

ಯಾದಗಿರಿ ಮಾಸ್ತರ್

ನಿಮ್ಮ ಕೆಲಸಕ್ಕೆ ಇದು ಒದಗುವುದಿಲ್ಲ ಅಂತ ಗೊತ್ತು, ಪೇಜ್‌ಮೇಕರ್ ಬಿಟ್ಟು ನೀವು ಬರುವುದಿಲ್ಲ. ಆದರೂ ಹೇಳುತ್ತೇನೆ. ನಮ್ಮ ಶಾಲೆಯ ಹಳೆ ಕಂಪ್ಯೂಟರುಗಳಲ್ಲಿ ವಿಂಡೋಸ್ ಬದಲು ಉಬುಂಟು ಇದೆ. ಅಲ್ಲಿ ಜನರ ಫೈಲು ಇರುವ 'ಹೋಮ್' ಅನ್ನು ಬೇರೆ ಪಾರ್ಟಿಷನ್‌ನಲ್ಲಿ ಇಡುವುದು ಹಳೆಯ ರೂಢಿ. ಸಿಸ್ಟಂ ಇರುವ ರೂಟಿಗೆ 40 ಜಿಬಿ ಕೊಟ್ಟಿದ್ದೇನೆ, ಉಳಿದದ್ದು ಹೋಮಿಗೆ. ಸಿಸ್ಟಂ ಹೊಸದಾಗಿ ಹಾಕಿದರೂ ಮಕ್ಕಳ ಫೈಲು ಅಲ್ಲೇ ಇರುತ್ತದೆ. ಪ್ರೋಗ್ರಾಂಗಳು ಅಲ್ಲೂ ರೂಟಿನಲ್ಲೇ ಇರುತ್ತವೆ, ಮತ್ತೆ ಹಾಕಬೇಕು. ಆದರೆ ಅವುಗಳ ಸೆಟ್ಟಿಂಗು ಹೋಮಿನಲ್ಲಿ ಚುಕ್ಕಿಯಿಂದ ಶುರುವಾಗುವ ಫೋಲ್ಡರುಗಳಲ್ಲಿ ಇರುವುದರಿಂದ, ಪ್ರೋಗ್ರಾಂ ಬಂದ ತಕ್ಷಣ ಹಳೆಯ ರೂಪದಲ್ಲೇ ತೆರೆಯುತ್ತದೆ.

ಒಮ್ಮೆ ಹೊಸ ಆವೃತ್ತಿ ಹಾಕುವಾಗ ಹೋಮಿನ ಎದುರಿಗಿದ್ದ 'ಫಾರ್ಮ್ಯಾಟ್' ಬಾಕ್ಸಿನಲ್ಲಿ ಟಿಕ್ ಇತ್ತು. ಗಂಟೆ ಹೊಡೆಯುವ ಹೊತ್ತು, ನೋಡದೆ ಮುಂದೆ ಒತ್ತಿದೆ. ಒಂಬತ್ತನೇ ತರಗತಿಯ ಮಕ್ಕಳು ಎರಡು ತಿಂಗಳು ಕೂತು ಟೈಪ್ ಮಾಡಿದ್ದ ಊರಿನ ಕಥೆಗಳು ಹೋದವು. ಒಂದು ಹುಡುಗಿ "ಸರ್, ಮತ್ತೆ ಬರೀತೀನ್ ಬಿಡ್ರಿ" ಅಂದಳು. ಅವಳು ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರ ಆಗುತ್ತಿತ್ತು.

ಕಾರ್ಡ್ ಬ್ಯಾನರ್ ಕಲಬುರಗಿ

ಎಲ್ಲರಿಗೂ ಉಪಕಾರ ಆಯಿತು. ನಿನ್ನೆ ಭಾನುವಾರ ಅಂಗಡಿ ಶಟರ್ ಅರ್ಧ ಇಳಿಸಿ ಕೂತೆ.

ಹೈಬರ್ನೇಟ್ ಆಫ್ ಆಯಿತು. ಸ್ಕ್ರ್ಯಾಚ್ ಇಗೆ ಹೋಯಿತು. ಡೌನ್‌ಲೋಡ್ಸ್ 11 ಜಿಬಿ ಡಿಗೆ ಹೋಯಿತು, 'ಮೂವ್' ಒತ್ತಿದಾಗ ನನ್ನ ಕೈಯೂ ನೇರ ಡಿಯ ಮೇಲೇ ಹೋಗಿತ್ತು ನೋಡಿ. ಹುಡುಗ "ಮಾಮಾ, ಅವರು ಬ್ಯಾಡ ಅಂದಾರ" ಅಂತ ಕೈ ಹಿಡಿದ. ಸಿಯಲ್ಲಿ ಈಗ 16 ಜಿಬಿ ಖಾಲಿ, ಕೆಂಪು ಹೋಗಿ ನೀಲಿ ಬಂದಿದೆ.

ಡೆಸ್ಕ್‌ಟಾಪ್ 31 ಜಿಬಿ. ಅಕ್ಕೋರು ಹೇಳಿದ ಹಾಗೆ ಮೊದಲು ಇಗೆ ಕಾಪಿ ಹಾಕಿದೆ. ಶುರುವಿನಲ್ಲಿ ಚೆನ್ನಾಗಿ ಓಡಿತು. 71 ಪರ್ಸೆಂಟಿಗೆ ಬಂದು ನಿಂತಿತು. ವೇಗ ಸೊನ್ನೆ. 'ಜೇವರ್ಗಿ ಮದುವೆ' ಫೋಲ್ಡರಿನ ಒಂದು ಫೋಟೋ ಹತ್ತಿರ ನಿಂತಿದೆ. ಕ್ಯಾಬಿನೆಟ್ಟಿಗೆ ಕಿವಿ ಇಟ್ಟರೆ ಒಳಗೆ ಟಕ್, ಟಕ್, ಸ್ವಲ್ಪ ಬಿಟ್ಟು ಮತ್ತೆ ಟಕ್. ಅರ್ಧ ಗಂಟೆ ಕಾದು ಕ್ಯಾನ್ಸಲ್ ಮಾಡಿದೆ. ಆ ಕ್ರಿಸ್ಟಲ್ ಪ್ರೋಗ್ರಾಂ ನಾನು ಹಾಕಿ ನೋಡಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಈಗ ಹಾಕಿದೆ. ನೀಲಿ ಅಲ್ಲ, ಹಳದಿ. 'ಕಾಷನ್' ಅಂತಿದೆ. 05ರ ಸಾಲಿನ ಕೊನೆಗೆ 40, ಸಿ5 ಸಾಲಿನ ಕೊನೆಗೆ 18.

ಬೀದರ್ ಸ್ಕ್ರೂಡ್ರೈವರ್

ನಿಲ್ಲಿಸಿ. ಡೆಸ್ಕ್‌ಟಾಪಿನ 'ಮೂವ್' ಮುಟ್ಟಬೇಡಿ.

ಆ ಅಂಕಿಗಳು ಹದಿನಾರರ ಲೆಕ್ಕದಲ್ಲಿ ಇರುತ್ತವೆ. 40 ಅಂದರೆ ನಮ್ಮ 64, 18 ಅಂದರೆ 24. ಡಿಸ್ಕ್ ಈಗಾಗಲೇ 64 ಸೆಕ್ಟರುಗಳನ್ನು (ಡಿಸ್ಕಿನ ಚಿಕ್ಕ ಚಿಕ್ಕ ತುಂಡು) ಕೆಟ್ಟವು ಅಂತ ಬದಲಿಸಿದೆ, ಇನ್ನು 24 ಓದಲು ಬಾರದೆ ಸರದಿಯಲ್ಲಿ ನಿಂತಿವೆ. ಸಿ, ಡಿ, ಇ ಅಂತ ನಾವು ಹೆಸರು ಇಟ್ಟುಕೊಂಡಿದ್ದೇವೆ ಅಷ್ಟೇ. ಮೂರೂ ಅದೇ ತಟ್ಟೆಯ ಮೇಲೆ, ಅದೇ ಮುಳ್ಳಿನ ಕೆಳಗೆ. ಸಿಯಿಂದ ಡಿಗೆ ಸಾಗಿಸಿದರೆ ಮುಳುಗುವ ಲಾರಿಯಲ್ಲಿ ಮೂಟೆಯನ್ನು ಹಿಂದಿನಿಂದ ಮುಂದಕ್ಕೆ ಇಟ್ಟ ಹಾಗೆ.

ಹೊರಗಿನ ಒಂದು ಡಿಸ್ಕ್ ತನ್ನಿ. ಮತ್ತೆ ಮಾಡಲು ಬಾರದ್ದನ್ನು ಮೊದಲು ತೆಗೆಯಿರಿ. ಈ ವಾರ ಪ್ರಿಂಟಿಗೆ ಹೋಗಬೇಕಾದ ಕೆಲಸ, ಫಾಂಟುಗಳು, ಗುಲ್ಬರ್ಗಾ ಹಳೇದು, ಈ ಸರದಿಯಲ್ಲಿ. ನಿಂತುಹೋದ ಫೋಲ್ಡರ್ ಕಡೆಗೆ ಇರಲಿ. ಎಕ್ಸ್‌ಪ್ಲೋರರಿಗಿಂತ ವಿಂಡೋಸಿನ ಕಾಪಿ ಕಮಾಂಡ್ ರೋಬೋಕಾಪಿ ಒಳ್ಳೆಯದು, ಆದರೆ ಅದರ ಕೊನೆಗೆ ಸ್ಲ್ಯಾಶ್ ಆರ್ ಕೋಲನ್ 1, ಸ್ಲ್ಯಾಶ್ ಡಬ್ಲ್ಯೂ ಕೋಲನ್ 1 ಅಂತ ಮರೆಯದೆ ಹಾಕಿ. ಹಾಕದಿದ್ದರೆ ಒಂದೇ ಕೆಟ್ಟ ಫೈಲಿಗೆ ಹತ್ತು ಲಕ್ಷ ಸಲ, ಪ್ರತಿ ಸಲ 30 ಸೆಕೆಂಡ್ ಕಾದು ಪ್ರಯತ್ನಿಸುತ್ತದೆ. ತಮಾಷೆ ಅಲ್ಲ, ಅದರ ಮಾಮೂಲಿ ಲೆಕ್ಕವೇ ಅದು. ಎಲ್ಲ ಹೊರಗೆ ಬರುವ ತನಕ ಚೆಕ್ ಡಿಸ್ಕ್ (ವಿಂಡೋಸಿನ ಡಿಸ್ಕ್ ತಪಾಸಣೆ) ಓಡಿಸಬೇಡಿ, ಸಾಯುವ ಡಿಸ್ಕನ್ನು ಅದು ಇನ್ನಷ್ಟು ಓಡಿಸುತ್ತದೆ.

ಆಮೇಲೆ ಒಂದು ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ಚಿಪ್ಪಿನ ಡಿಸ್ಕ್) ಹಾಕಿಸಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಿಮ್ಮ ಐ3 ಎಂಟನೇ ಜನರೇಷನ್‌ಗಿಂತ ಹಳೆಯದಾದರೆ 11 ಅಧಿಕೃತವಾಗಿ ಬರುವುದಿಲ್ಲ. ಅದು ಇನ್ನೊಂದು ದಿನದ ಮಾತು. ಎಸ್‌ಎಸ್‌ಡಿ ಮುಂದೆ ಹೊಸ ಕಂಪ್ಯೂಟರಿಗೂ ಬರುತ್ತದೆ, ದಂಡವಲ್ಲ.

ಕಾರ್ಡ್ ಬ್ಯಾನರ್ ಕಲಬುರಗಿ

ಹನ್ನೆರಡು ದಿನ ಆಯಿತು, ಬರೆಯಲು ಪುರುಸೊತ್ತೇ ಆಗಲಿಲ್ಲ.

ಅವತ್ತೇ ಸಂಜೆ ಹೊರಗಿನ ಡಿಸ್ಕ್ ತಂದೆ. ಎರಡು ರಾತ್ರಿ ಕಾಪಿ ಓಡಿತು. ಕ್ಯಾಬಿನೆಟ್ಟಿನ ಬದಿಯ ತಗಡು ಬಿಚ್ಚಿ ಟೇಬಲ್ ಫ್ಯಾನ್ ಹಚ್ಚಿದ್ದೆವು, ಒಳಗಿನ ಡಿಸ್ಕ್ ಮುಟ್ಟಿದರೆ ಬಿಸಿ ಚಹಾ ಲೋಟದ ಹಾಗಿತ್ತು. ಹೋದದ್ದು ಒಟ್ಟು ಒಂಬತ್ತು ಫೈಲು. ಎಂಟು ನಮ್ಮಲ್ಲಿ ಬೇರೆ ಕಡೆ ಇದ್ದವು, 'ಫೈನಲ್ ಒರಿಜಿನಲ್ ಇದೇ' ಅಂತ ನಾಲ್ಕು ನಾಲ್ಕು ಸಲ ಇಟ್ಟಿದ್ದು ಮೊದಲ ಸಲ ಉಪಯೋಗಕ್ಕೆ ಬಂತು. ಒಂಬತ್ತನೆಯದು ಆ ಜೇವರ್ಗಿ ಮದುವೆಯ ಫೋಟೋ. ಫೋನ್ ಮಾಡಿ ಮತ್ತೆ ವಾಟ್ಸಾಪಿನಲ್ಲಿ ತರಿಸಿಕೊಂಡೆ.

ಈಗ 500 ಜಿಬಿ ಎಸ್‌ಎಸ್‌ಡಿ. ಒಳಗೆ ತೋರಿಸುವುದು 465. ಸಿಗೆ 200, ಡಿಗೆ 265. ಪ್ರೋಗ್ರಾಂಗಳನ್ನೆಲ್ಲ ಸಿಯಲ್ಲೇ ಹಾಕಿದೆ, 200 ಇದ್ದ ಮೇಲೆ ಡಿಗೆ ಕಳಿಸುವ ಹಠ ಬಿಟ್ಟೆ. ಡೆಸ್ಕ್‌ಟಾಪು, ಡೌನ್‌ಲೋಡ್ಸು, ಡಾಕ್ಯುಮೆಂಟ್ಸು ಮೂರೂ ಡಿಯ 'ನನ್ನ ಕಡತ'ದಲ್ಲಿ. ಗುಲ್ಬರ್ಗಾ ಹಳೇದು ಹೊರಗಿನ ಡಿಸ್ಕಿನಲ್ಲಿ, ಅದರ ಇನ್ನೊಂದು ಕಾಪಿ ಅಕ್ಕನ ಮನೆಯಲ್ಲಿ. ಪ್ರತಿ ಭಾನುವಾರ ಡಿ ಪೂರ್ತಿ ಹೊರಗಿನ ಡಿಸ್ಕಿಗೆ ಕಾಪಿ ಹಾಕುವುದು ಹುಡುಗನ ಕೆಲಸ, ಸಂಬಳದಲ್ಲಿ ಸೇರಿದೆ. ಫೋಟೋಶಾಪ್ ತೆರೆಯಲು ಮೊದಲು ಒಂದು ಚಹಾ ಕುಡಿದು ಬರುತ್ತಿದ್ದೆ, ಈಗ ಆ ಚಹಾ ತಪ್ಪಿದೆ.

ಒಂದೇ ತೊಂದರೆ ಉಳಿದಿದೆ. ಹಳೆಯ ಪೇಜ್‌ಮೇಕರ್ ಫೈಲ್ ತೆರೆದರೆ ಪ್ರತಿ ಫೋಟೋಗೂ 'ಸಿಗುತ್ತಿಲ್ಲ, ಎಲ್ಲಿದೆ ತೋರಿಸು' ಅಂತ ಕೇಳುತ್ತದೆ. ಫೋಟೋ ಇವೆ, ಡಿಯಲ್ಲಿ ಕಣ್ಣಿಗೆ ಕಾಣುತ್ತಿವೆ. ಒಂದು ಸ್ಮರಣ ಸಂಚಿಕೆಯಲ್ಲಿ 140 ಫೋಟೋ ಇವೆ ಅಣ್ಣಾ, ಒಂದೊಂದಾಗಿ ತೋರಿಸುತ್ತಾ ಕೂತರೆ ಜಾತ್ರೆ ಮುಗಿದುಹೋಗುತ್ತದೆ.

ಬೀದರ್ ಸ್ಕ್ರೂಡ್ರೈವರ್

ಹಳೆ ವಿಂಡೋಸಿನಲ್ಲಿ ನಿಮ್ಮ ಯೂಸರ್ ಹೆಸರು ಏನಿತ್ತು? ಈಗ ಏನು?

ಕಾರ್ಡ್ ಬ್ಯಾನರ್ ಕಲಬುರಗಿ

ಆಗ ಬರೀ 'ಯೂಸರ್' ಅಂತಿತ್ತು. ಈಗ ಹುಡುಗ 'ಅಂಗಡಿ' ಅಂತ ಇಟ್ಟಿದ್ದಾನೆ.

ಬೀದರ್ ಸ್ಕ್ರೂಡ್ರೈವರ್

ಅದೇ. ಪೇಜ್‌ಮೇಕರ್ ಫೋಟೋಗಳನ್ನು ಒಳಗೆ ಇಟ್ಟುಕೊಂಡಿಲ್ಲ, ಹಳೆ ವಿಳಾಸ ಬರೆದಿಟ್ಟುಕೊಂಡಿದೆ. ಸಿ, ಯೂಸರ್ಸ್, ಯೂಸರ್, ಡೆಸ್ಕ್‌ಟಾಪ್ ಅಂತ. ಆ ವಿಳಾಸದಲ್ಲಿ ಒಂದು ಬಾಗಿಲು ನಿಲ್ಲಿಸೋಣ.

ಸಿಯ ಯೂಸರ್ಸ್ ಒಳಗೆ 'ಯೂಸರ್' ಅಂತ ಖಾಲಿ ಫೋಲ್ಡರ್ ಮಾಡಿ. ಅದರೊಳಗೆ ಡೆಸ್ಕ್‌ಟಾಪ್ ಫೋಲ್ಡರ್ ಮಾಡಬೇಡಿ, ಇದ್ದರೆ ಬಾಗಿಲು ಕೂರುವುದಿಲ್ಲ. ಕಮಾಂಡ್ ಪ್ರಾಂಪ್ಟ್ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ, ಪವರ್‌ಶೆಲ್ ಅಲ್ಲ. 'ಎಂಕೆಲಿಂಕ್', ಸ್ಪೇಸ್, ಸ್ಲ್ಯಾಶ್ ಜೆ, ಸ್ಪೇಸ್, ಆಮೇಲೆ ಹಳೆ ಡೆಸ್ಕ್‌ಟಾಪಿನ ಪೂರ್ತಿ ದಾರಿ, ಸ್ಪೇಸ್, ಆಮೇಲೆ ಡಿಯಲ್ಲಿರುವ ಈಗಿನ ಡೆಸ್ಕ್‌ಟಾಪಿನ ದಾರಿ. ಎರಡನ್ನೂ ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ, 'ನನ್ನ ಕಡತ' ನಡುವೆ ಸ್ಪೇಸ್ ಇದೆ. ಇದಕ್ಕೆ ಜಂಕ್ಷನ್ ಅನ್ನುತ್ತಾರೆ. ಫೈಲು ಎರಡು ಕಡೆ ಇರುವ ಹಾಗೆ ಕಾಣುತ್ತದೆ, ಇರುವುದು ಡಿಯಲ್ಲಿ ಮಾತ್ರ. ಜಾಗವೂ ಹಿಡಿಯುವುದಿಲ್ಲ. ಆ ಬಾಗಿಲಿನ ಒಳಗೆ ಹೋಗಿ ಏನಾದರೂ ಅಳಿಸಿದರೆ ಡಿಯಲ್ಲಿರುವ ಅಸಲಿಯೇ ಹೋಗುತ್ತದೆ, ಹುಡುಗನಿಗೆ ಹೇಳಿಡಿ.

ಕಾರ್ಡ್ ಬ್ಯಾನರ್ ಕಲಬುರಗಿ

ಎರಡನೇ ಸಲಕ್ಕೆ ಆಯಿತು. ಮೊದಲ ಸಲ ಡಿಯ ದಾರಿಯನ್ನು ಮುಂದೆ ಬರೆದು, ಅದು ಆಗಲೇ ಇದೆ ಅಂತ ಬೈಸಿಕೊಂಡೆ. ತಿರುಗಿಸಿ ಬರೆದ ಮೇಲೆ ಒಪ್ಪಿತು. ಸ್ಮರಣ ಸಂಚಿಕೆ ತೆರೆದೆ. 140 ಫೋಟೋ, ಒಂದನ್ನೂ ಕೇಳಲಿಲ್ಲ.

ಗಂಜ್ ಲೆಕ್ಕ

ಆ ಹಳೆ ಡಿಸ್ಕ್ ಏನು ಮಾಡಿದಿರಿ?

ಕಾರ್ಡ್ ಬ್ಯಾನರ್ ಕಲಬುರಗಿ

ಬಿಚ್ಚಿ ಡ್ರಾಯರಿನಲ್ಲಿ ಇಟ್ಟಿದ್ದೇನೆ ಅಕ್ಕೋರೆ. ಮೊನ್ನೆ ಪಾರ್ಟಿ ಎದುರಿಗೆ ಅಳಿಸಿದ್ದನ್ನು ಯಾರಾದರೂ ಕೇಳಿಕೊಂಡು ಬರುವ ತನಕ ಇರಲಿ ಅಂತ.